ತೂಗುವುದೂ ಹೋಲಿಸುವುದೂ

ಹೋಲಿಸುವ ವಿದ್ಯೆಯನ್ನು ನಮ್ಮ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಂತೆಯಲ್ಲಿ ಎರಡು ಬದನೆಕಾಯಿಯನ್ನು ಎರಡು ಕೈಯಲ್ಲಿ ಹಿಡಿದಾಗ ಶುರುವಾಗುವ ಈ ಕೆಲಸ ರಾತ್ರಿ ದೀಪ ಆರಿಸುವವರೆಗೂ ನಿಲ್ಲುವುದಿಲ್ಲ. ತವರಿನ ಉಪ್ಪಿನಕಾಯಿಗೂ ಅತ್ತೆಮನೆಯ ಉಪ್ಪಿನಕಾಯಿಗೂ, ಹಿರಿಸೊಸೆಯ ಕೈಯ ಚಕ್ಕುಲಿಗೂ ಕಿರಿಸೊಸೆಯ ಕೈಯ ಚಕ್ಕುಲಿಗೂ, ಕಳೆದ ವರ್ಷದ ಮದುವೆಯ ಊಟಕ್ಕೂ ಈ ವರ್ಷದ ಮದುವೆಯ ಊಟಕ್ಕೂ ನಾವು ಎಷ್ಟು ಸಲೀಸಾಗಿ ಅಂಕ ಹಾಕುತ್ತೇವೆಂದರೆ ಯಾವ ವಿಶ್ವವಿದ್ಯಾಲಯದ ಪರೀಕ್ಷಕರೂ ನಮ್ಮ ಮುಂದೆ ನಿಲ್ಲಲಾರರು. ಫಲಿತಾಂಶವನ್ನೂ ತಡಮಾಡುವುದಿಲ್ಲ. ಕೈ ತೊಳೆದು ಬರುವಷ್ಟರಲ್ಲಿ ಪ್ರಕಟವಾಗಿರುತ್ತದೆ.

ಹೋಲಿಸುವವರೂ ನಾವೇ, ಹೋಲಿಕೆಗೆ ಸಿಕ್ಕಿಕೊಳ್ಳುವವರೂ ನಾವೇ. ತೊಟ್ಟಿಲಿಗೆ ಹಾಕುವ ದಿನವೇ "ಬಣ್ಣ ಅಕ್ಕನಷ್ಟಿಲ್ಲ, ಮೂಗು ಪರವಾಗಿಲ್ಲ" ಎಂದು ಬಂದವರು ಹೇಳಿ ಹೋಗುತ್ತಾರೆ. ನನಗೂ ಒಬ್ಬಳು ಅಕ್ಕ ಇದ್ದಾಳೆ. ಎರಡು ವರ್ಷಕ್ಕೆ ದೊಡ್ಡವಳು. ಅವಳು ಮೈಸೂರಿನಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದು ಎಂ.ಎ. ಮುಗಿಸಿ ಕಾಲೇಜಿನಲ್ಲಿ ಅಧ್ಯಾಪಕಿಯಾದಳು. ನಾನು ಪಿಯುಸಿ ಮುಗಿಸಿದ ವರ್ಷವೇ, 1970ರಲ್ಲಿ, ಮದುವೆಯಾಗಿ ಸಾಗರಕ್ಕೆ ಬಂದೆ. "ದೊಡ್ಡದು ಓದೋ ಹುಡುಗಿ, ಚಿಕ್ಕದು ಮನೆವಾರ್ತೆಗೆ ಲಾಯಕ್ಕು" ಎಂದು ನೆಂಟರಿಷ್ಟರೆಲ್ಲ ಹೇಳುತ್ತಿದ್ದರು. ಪ್ರೀತಿಯಿಂದಲೇ ಹೇಳುತ್ತಿದ್ದರು. ಆದರೆ ಅಕ್ಕ ಬಿ.ಎ.ಯಲ್ಲಿ ಮೊದಲ ದರ್ಜೆ ತೆಗೆದುಕೊಂಡರೆ ನನ್ನ ಕೋಸಂಬರಿಯ ರುಚಿ ಹೆಚ್ಚುತ್ತಿತ್ತು, ನನಗೆ ಮಗ ಹುಟ್ಟಿದರೆ ಅವಳ ಓದಿನ ಬಗ್ಗೆ ಯಾರಾದರೂ ನಿಟ್ಟುಸಿರು ಬಿಡುತ್ತಿದ್ದರು. ತಕ್ಕಡಿಯ ಎರಡು ತಟ್ಟೆಯಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೇರವಾಗಿ ನೋಡುವುದು ಕಷ್ಟ. ಒಬ್ಬಳು ಮೇಲಿದ್ದಾಗ ಇನ್ನೊಬ್ಬಳು ಕೆಳಗೆ.

ಇಷ್ಟೆಲ್ಲ ಪೀಠಿಕೆ ಏಕೆಂದರೆ, ನನ್ನ ನಲವತ್ತಾರನೆಯ ವಯಸ್ಸಿನಲ್ಲಿ ಹೋಲಿಸುವುದನ್ನೇ ಒಂದು ಪಾಠವಾಗಿ ಕಲಿಯಬೇಕಾಗಿ ಬಂತು. ಮಕ್ಕಳು ಹೈಸ್ಕೂಲು ಸೇರಿದ ಮೇಲೆ ಅಂಚೆ ಶಿಕ್ಷಣದಲ್ಲಿ ಬಿ.ಎ. ಮುಗಿಸಿದ್ದೆ. 1998ರಲ್ಲಿ ಕನ್ನಡ ಎಂ.ಎ.ಗೆ ಸೇರಿದೆ. ವರ್ಷಕ್ಕೊಮ್ಮೆ ಹತ್ತು ದಿನ ಶಿವಮೊಗ್ಗದಲ್ಲಿ ಸಂಪರ್ಕ ತರಗತಿ. "ಈ ವಯಸ್ಸಿನಲ್ಲಿ ಎಂ.ಎ. ಮಾಡಿ ಯಾರಿಗೆ ಪಾಠ ಹೇಳಬೇಕು? ಹತ್ತು ದಿನ ಮನೆ ನೋಡುವವರು ಯಾರು?" ಎಂದು ನಮ್ಮ ಮನೆಯವರು ಕೇಳಿದರು. ಕೆಟ್ಟ ಮನಸ್ಸಿನಿಂದಲ್ಲ, ಸಾರಿನ ಚಿಂತೆಯಿಂದ. ಆಗ ಒಳಗಿನಿಂದ ದೊಡ್ಡತ್ತೆಯ ದನಿ ಬಂತು: "ಹತ್ತು ದಿನ ಸಾರು ಮಾಡೋಕೆ ನಂಗೆ ಬರುತ್ತೆ. ಹೋಗ್ಲಿ ಬಿಡೋ." ದೊಡ್ಡತ್ತೆ ಎಂದರೆ ನಮ್ಮ ಮಾವನವರ ಅಕ್ಕ. ಆಗ ಅವರಿಗೆ ಎಂಬತ್ತು. ಅವರು ಹೇಳಿದ ಮೇಲೆ ಆ ಮನೆಯಲ್ಲಿ ಎರಡನೆಯ ಮಾತಿರಲಿಲ್ಲ.

ತರಗತಿಯಲ್ಲಿ ಕೊಟ್ಟ ಬರವಣಿಗೆಯ ಕೆಲಸ ಹೀಗಿತ್ತು: ನಿಮಗೆ ಇಷ್ಟವಾದ ಎರಡು ಕನ್ನಡ ಕೃತಿಗಳನ್ನು ಆರಿಸಿಕೊಂಡು ತೌಲನಿಕವಾಗಿ ವಿವೇಚಿಸಿ, ಹತ್ತು ಪುಟ ಮೀರದಂತೆ. 20 ಅಂಕ. ನಮಗೆ ಪಾಠ ಹೇಳಲು ಬಂದ ಮೇಡಂ ನನಗಿಂತ ಹದಿನೈದು ವರ್ಷ ಚಿಕ್ಕವರು. ಕಪ್ಪು ಹಲಗೆಯ ಮೇಲೆ 'ತೌಲನಿಕ' ಎಂದು ಬರೆದು, "ಈ ಪದದ ಹೊಟ್ಟೆಯಲ್ಲಿ ಏನಿದೆ ನೋಡಿ, ತುಲಾ. ತಕ್ಕಡಿ. ಪದದಲ್ಲಿ ತಕ್ಕಡಿ ಇದೆ ಅಂತ ನೀವು ಪುಸ್ತಕಗಳನ್ನು ತೂಗೋಕೆ ಹೋಗಬೇಡಿ" ಎಂದರು. ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ತೂಗದೆ ಹೋಲಿಸುವುದು ಹೇಗೆ?

ಅವರು ಹೈಸ್ಕೂಲಿನ ಉಪಮಾಲಂಕಾರವನ್ನು ನೆನಪಿಸಿದರು. ಸೀತೆಯ ಮುಖ ಕಮಲದಂತೆ ಅರಳಿತು. ಮುಖ ಉಪಮೇಯ, ಕಮಲ ಉಪಮಾನ, 'ಅಂತೆ' ಎನ್ನುವುದು ಉಪಮಾವಾಚಕ, ಅರಳುವುದು ಸಮಾನಧರ್ಮ. ನಾಲ್ಕರಲ್ಲಿ ಒಂದನ್ನು ಬಿಟ್ಟು ಬರೆದರೆ ಆಗ ಮೇಷ್ಟರು ಅರ್ಧ ಅಂಕ ಕಡಿಯುತ್ತಿದ್ದರು. "ಸೀತೆ ಹೆಚ್ಚೋ ಕಮಲ ಹೆಚ್ಚೋ ಅಂತ ಯಾರಾದರೂ ಕೇಳ್ತೀರಾ?" ಎಂದರು ಮೇಡಂ. "ಎರಡರ ನಡುವೆ ಅರಳುವುದು ಅನ್ನೋದು ಕಾಣಿಸಿತಲ್ಲ, ಅದಕ್ಕೇ ಹೋಲಿಸಿದ್ದು. ನಿಮ್ಮ ಪ್ರಬಂಧವೂ ಹತ್ತು ಪುಟದ ಒಂದು ಉಪಮಾಲಂಕಾರ ಅಂದುಕೊಳ್ಳಿ. ಮೊದಲು ಸಮಾನಧರ್ಮ ಹುಡುಕಿ. ಅದಿಲ್ಲದಿದ್ದರೆ ಹೋಲಿಕೆಯೇ ನಿಲ್ಲೋದಿಲ್ಲ. ಆಮೇಲೆ ವ್ಯತ್ಯಾಸ ನೋಡಿ. ವ್ಯತ್ಯಾಸ ಯಾಕೆ ಬಂತು ಅಂತ ಕೇಳಿ. ಪ್ರಬಂಧ ಶುರುವಾಗೋದೇ ಆ 'ಯಾಕೆ' ಅನ್ನೋದರಿಂದ."

ಮೂವತ್ತು ಜನರಲ್ಲಿ ಹತ್ತು ಹನ್ನೆರಡು ಜನ ಪಂಪ, ರನ್ನರನ್ನು ಹಿಡಿದರು. ಕೆಲವರು 'ಮರಳಿ ಮಣ್ಣಿಗೆ', 'ಮಲೆಗಳಲ್ಲಿ ಮದುಮಗಳು' ಎಂದರು. ನಾನು ಆರಿಸಿಕೊಂಡದ್ದು ಎರಡು ವಿಧವೆಯರ ಕಥೆಗಳನ್ನು. ಒಂದು, ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ'. 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದದ್ದು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ನಾವೆಲ್ಲ ಬಾಯಿಪಾಠ ಮಾಡಿರುವುದು. ಇನ್ನೊಂದು, ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'. 1976ರದ್ದು. 1983ರಲ್ಲಿ ಪ್ರೇಮಾ ಕಾರಂತರು ಅದನ್ನು ಚಲನಚಿತ್ರ ಮಾಡಿದರು. ಒಂದರಲ್ಲಿ ನಾಯಕಿಯ ಹೆಸರು ಇಂದಿರಾ, ಇನ್ನೊಂದರಲ್ಲಿ ಲೇಖಕಿಯ ಹೆಸರು ಇಂದಿರಾ. ನನ್ನ ಪಕ್ಕ ಕೂತಿದ್ದಾಕೆ ಎರಡು ದಿನ ಇದನ್ನೇ ಬಿಡಿಸಿಕೊಳ್ಳುತ್ತಿದ್ದರು.

ನಾನು ಈ ವಿಷಯ ಹಿಡಿದದ್ದಕ್ಕೆ ಕಾರಣ ಪುಸ್ತಕಗಳಷ್ಟೇ ಅಲ್ಲ. ದೊಡ್ಡತ್ತೆಗೆ ಹತ್ತು ತುಂಬಿದ ಮೇಲೆ ಮದುವೆಯಾಗಿತ್ತು. ಮೈಸೂರು ಸಂಸ್ಥಾನದಲ್ಲಿ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆ ಕೂಡದೆಂದು 1894ರಲ್ಲೇ ಕಾನೂನಾಗಿತ್ತು. ಹತ್ತು ಎಂದರೆ ಕಾನೂನಿಗೆ ಅಡ್ಡಿಯಿಲ್ಲ. ಹನ್ನೆರಡಕ್ಕೆ ಗಂಡ ತೀರಿಕೊಂಡರು. ಆಮೇಲೆ ತವರು, ಕೆಂಪು ಸೀರೆ, ಒಪ್ಪೊತ್ತಿನ ಊಟ. ನಾನು ಆ ಮನೆ ಸೇರುವ ಹೊತ್ತಿಗೆ ಕೂದಲು ತೆಗೆಸುವುದನ್ನು ಬಿಟ್ಟಿದ್ದರು. ಆದರೂ ತಲೆಯ ಮೇಲಿನ ಸೆರಗು ಜಾರಿದ್ದನ್ನು ಯಾರೂ ಕಂಡಿರಲಿಲ್ಲ. ಇಪ್ಪತ್ತೆಂಟು ವರ್ಷ ಒಂದೇ ಒಲೆಯ ಮುಂದೆ ಕೂತಿದ್ದರೂ ಅವರು ಆ ದಿನಗಳ ಬಗ್ಗೆ ಒಂದು ಮಾತನ್ನೂ ಆಡಿರಲಿಲ್ಲ. ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಊರ ಗ್ರಂಥಾಲಯದಿಂದ ಪುಸ್ತಕಗಳನ್ನು ತಂದಾಗ, "ಏನದು? ಜೋರಾಗಿ ಓದು, ನಾನೂ ಕೇಳ್ತೀನಿ" ಎಂದರು. ವಿಷಯ ಇಂಥದ್ದು ಎಂದೆ. "ಆಗಲಿ. ನಂಗೇನು ಹೊಸದಾ?" ಎಂದು ಬತ್ತಿ ಹೊಸೆಯುವ ಹತ್ತಿಯನ್ನು ಮುಂದಕ್ಕೆ ಎಳೆದುಕೊಂಡರು. ಹೀಗೆ ಸುಮಾರು ಒಂದೂವರೆ ತಿಂಗಳು, ಮಧ್ಯಾಹ್ನ ಎರಡರಿಂದ ಮೂರೂವರೆವರೆಗೆ, ನಾನು ಓದುವುದು, ಅವರು ಹೂಬತ್ತಿ ಮಾಡುತ್ತ ಕೇಳುವುದು. ಮನೆಗೆ ಎರಡು ವರ್ಷಕ್ಕಾಗುವಷ್ಟು ಬತ್ತಿಯಾಯಿತು.

ಮೊದಲು 'ಇಂದಿರಾಬಾಯಿ'. ಹಣವಂತರಾದ ಭೀಮರಾಯ, ಅಂಬಾಬಾಯಿಯರ ಮಗಳು ಇಂದಿರೆ. ಎಳೆಯ ವಯಸ್ಸಿನಲ್ಲೇ ವಿಧವೆ. ಓದುವ ಆಸೆಯ ಹುಡುಗಿಯನ್ನು ಧರ್ಮದ ಹೆಸರಿನಲ್ಲಿ ಅನಾಚಾರ ನಡೆಸುವವರ ನಡುವೆ ನೂಕಲು ಮನೆಯವರೇ ಸಿದ್ಧರಾಗುತ್ತಾರೆ. ಅವಳು ಮನೆ ಬಿಟ್ಟು ಓಡುತ್ತಾಳೆ. ಅಮೃತರಾಯ ಎಂಬ ಉದಾರಿಯ ಮನೆಯಲ್ಲಿ ಆಶ್ರಯ ಸಿಗುತ್ತದೆ, ವಿದ್ಯೆಯೂ ಸಿಗುತ್ತದೆ. ಕೊನೆಗೆ ಓದಿ ಮುಂದೆ ಬಂದ ಭಾಸ್ಕರರಾಯನನ್ನು ಮದುವೆಯಾಗುತ್ತಾಳೆ. ಪುಸ್ತಕಕ್ಕೆ 'ಸದ್ಧರ್ಮ ವಿಜಯವು' ಎಂಬ ಇನ್ನೊಂದು ಹೆಸರೂ ಇದೆ. ಒಳ್ಳೆಯದು ಗೆಲ್ಲಲೇಬೇಕು ಎಂದು ಬರೆದವರು ಮೊದಲೇ ತೀರ್ಮಾನಿಸಿದ್ದಾರೆ.

'ಫಣಿಯಮ್ಮ'ನ ದಾರಿ ಬೇರೆ. ಅದು ಲೇಖಕಿ ತಮ್ಮ ತಾಯಿಯಿಂದ ಕೇಳಿದ, ತಮ್ಮದೇ ಬಳಗದ ಹಿರಿಯಜ್ಜಿಯೊಬ್ಬರ ಕಥೆ. ಹುಟ್ಟಿದ್ದು 1840, ತೀರಿಕೊಂಡದ್ದು 1952. ನೂರ ಹನ್ನೆರಡು ವರ್ಷದ ಬಾಳು. ಒಂಬತ್ತಕ್ಕೆ ಮದುವೆ, ಸ್ವಲ್ಪ ದಿನಕ್ಕೇ ವೈಧವ್ಯ, ದೊಡ್ಡವಳಾದ ಮೇಲೆ ಕೇಶಮುಂಡನ. ಅವಳು ಎಲ್ಲಿಗೂ ಓಡುವುದಿಲ್ಲ. ಆ ಮಲೆನಾಡಿನ ದೊಡ್ಡ ಮನೆಯಲ್ಲೇ ದುಡಿಯುತ್ತ, ಯಾರನ್ನೂ ಬಯ್ಯದೆ, ಎಲ್ಲವನ್ನೂ ನೋಡುತ್ತ ಮುದುಕಿಯಾಗುತ್ತಾಳೆ.

ಪ್ರಬಂಧಕ್ಕೆ ಟಿಪ್ಪಣಿ ಮಾಡುತ್ತ ಇಸವಿಗಳನ್ನು ಒಂದರ ಕೆಳಗೆ ಒಂದು ಬರೆದಾಗ ಮೈ ಜುಮ್ಮೆಂದಿತು. ಬ್ರಿಟಿಷರ ಆಳ್ವಿಕೆಯ ಪ್ರದೇಶದಲ್ಲಿ ಹಿಂದೂ ವಿಧವೆಯರ ಮರುಮದುವೆಗೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 1856ರಲ್ಲಿ. ಆಗ ಫಣಿಯಮ್ಮನಿಗೆ ಹದಿನಾರು. ಮಂಗಳೂರಿನಲ್ಲಿ ಇಂದಿರಾಬಾಯಿಯ ಕಥೆ ಅಚ್ಚಾಗಿ ಹೊರಬಂದಾಗ ಫಣಿಯಮ್ಮನಿಗೆ ಐವತ್ತೊಂಬತ್ತು. ಇಬ್ಬರಲ್ಲಿ ಒಬ್ಬಳು ಕಲ್ಪನೆಯವಳು, ಒಬ್ಬಳು ನಿಜವಾಗಿ ಬದುಕಿದವಳು. ಒಂದೇ ಕಾಲದವರು. ನಡುವೆ ಇದ್ದದ್ದು ಒಂದು ಘಟ್ಟ. ಘಟ್ಟದ ಕೆಳಗೆ ಮದ್ರಾಸು ಆಡಳಿತ, ಮಿಶನ್ನಿನ ಶಾಲೆ, ಅಚ್ಚುಕೂಟ. ಘಟ್ಟದ ಮೇಲೆ ಮೈಸೂರು ಸಂಸ್ಥಾನದ ಒಂದು ಮೂಲೆ, ಅಡಕೆ ತೋಟ, ಮಳೆ. ವಿಮರ್ಶೆಯ ಪುಸ್ತಕಗಳಲ್ಲಿ 'ಪರಿಸರ' ಎಂದು ಬರೆಯುವುದು ಇದನ್ನೇ. ಎರಡು ಕೃತಿಗಳನ್ನು ಅಕ್ಕಪಕ್ಕ ಇಡದಿದ್ದರೆ ನನಗೆ ಆ ಘಟ್ಟ ಕಾಣುತ್ತಲೇ ಇರಲಿಲ್ಲ.

ಬರೆಯುವ ಕ್ರಮದ ಬಗ್ಗೆ ಮೇಡಂ ಎರಡು ದಾರಿ ಹೇಳಿದ್ದರು. ಒಂದು, ಮೊದಲ ಕೃತಿಯನ್ನು ಪೂರ್ತಿ ಹೇಳಿ ಮುಗಿಸಿ ಎರಡನೆಯದಕ್ಕೆ ಹೋಗುವುದು. ಇನ್ನೊಂದು, ಒಂದೊಂದೇ ಅಂಶ ಹಿಡಿದು ಎರಡನ್ನೂ ಒಟ್ಟಿಗೆ ನೋಡುತ್ತ ಸಾಗುವುದು. ಮೊದಲನೆಯದು ಅನ್ನವನ್ನೆಲ್ಲ ಉಣ್ಣಿಸಿ ಆಮೇಲೆ ಸಾರು ಬಡಿಸಿದ ಹಾಗೆ. ಓದುವವರು ಸಾರು ಕುಡಿಯುವಾಗ ಅನ್ನ ನೆನಪಿಟ್ಟುಕೊಳ್ಳಬೇಕು. ಹತ್ತು ಪುಟದ ಬರವಣಿಗೆಗೆ ಎರಡನೆಯದೇ ಸರಿ ಎಂದು ನಾನು ಅಂಶಗಳ ಪಟ್ಟಿ ಮಾಡಿದೆ: ಬರೆದವರು ಯಾರು, ಮನೆ ಎಂಥದು, ಕೂದಲಿನ ಪ್ರಸಂಗ, ಓದು ಬರಹ, ಕಥೆ ಎಲ್ಲಿ ಮುಗಿಯುತ್ತದೆ. ಐದು ಅಂಶ, ಒಂದೊಂದಕ್ಕೆ ಒಂದೂವರೆ ಪುಟ. ಉಳಿದದ್ದು ಮೊದಲಿಗೂ ಕೊನೆಗೂ.

ಬರೆದವರು ಯಾರು ಎನ್ನುವ ಅಂಶದಲ್ಲೇ ಎಷ್ಟೊಂದು ಸಿಕ್ಕಿತು! ಗುಲ್ವಾಡಿ ವೆಂಕಟರಾಯರು ಪೊಲೀಸ್ ಇಲಾಖೆಯಲ್ಲಿದ್ದವರು. ಸಮಾಜದ ತಪ್ಪನ್ನು ಪತ್ತೆ ಮಾಡಿ ಎಳೆದು ತಂದು ನಿಲ್ಲಿಸುವ ಹುರುಪು ಅವರ ಬರವಣಿಗೆಯಲ್ಲಿದೆ. ಎಂ.ಕೆ. ಇಂದಿರಾ ಹುಟ್ಟಿದ್ದು 1917ರಲ್ಲಿ. ಚಿಕ್ಕಂದಿನಲ್ಲೇ ಮದುವೆಯಾಗಿ ಸಂಸಾರ ಹೊತ್ತವರು. ಅವರ ಮೊದಲ ಕಾದಂಬರಿ 'ತುಂಗಭದ್ರ' ಪ್ರಕಟವಾದದ್ದು 1963ರಲ್ಲಿ, ನಲವತ್ತೈದು ದಾಟಿದ ಮೇಲೆ. ಈ ಲೆಕ್ಕ ಮಾಡಿದ ದಿನ ನಾನು ಸಂಜೆಯವರೆಗೆ ಬಹಳ ಉತ್ಸಾಹದಿಂದ ಪಾತ್ರೆ ತೊಳೆದೆ. ಒಬ್ಬರು ಹೊರಗಿನಿಂದ ಬಾಗಿಲು ತಟ್ಟಿ ನೋಡಿದ ಮನೆಯನ್ನು ಇನ್ನೊಬ್ಬರು ಅಡುಗೆಮನೆಯಲ್ಲಿ ಕೂತು ನೋಡಿದ್ದಾರೆ. ಅಡುಗೆಮನೆಯಲ್ಲಿ ಕೂತವರಿಗೆ ಬಯ್ಯುವುದಕ್ಕಿಂತ ನೆನಪಿಟ್ಟುಕೊಳ್ಳುವುದೇ ಮುಖ್ಯವಾಗುತ್ತದೆ.

ಇಷ್ಟಾದರೂ ಪ್ರಬಂಧಕ್ಕೆ ಬೆನ್ನೆಲುಬು ಸಿಕ್ಕಿರಲಿಲ್ಲ. ನಮ್ಮ ತರಗತಿಯಲ್ಲಿ ಈ ಎರಡು ಹೆಸರು ಹೇಳಿದ ಕೂಡಲೇ ಬಂದ ಮಾತು ಒಂದೇ: ಇಂದಿರಾಬಾಯಿ ಧೀರೆ, ಫಣಿಯಮ್ಮ ಸಹನಾಮೂರ್ತಿ. ಒಬ್ಬಳು ಹೋರಾಡಿದಳು, ಒಬ್ಬಳು ಸಹಿಸಿದಳು. ಕೇಳಿದ್ದೇ ನನಗೆ "ದೊಡ್ಡದು ಓದೋ ಹುಡುಗಿ, ಚಿಕ್ಕದು ಮನೆವಾರ್ತೆಗೆ" ಎಂಬ ಹಳೆಯ ರಾಗ ಕೇಳಿದಂತಾಯಿತು. ಅದನ್ನು ಬರೆದುಕೊಟ್ಟರೆ ಅಂಕ ಬರುತ್ತಿತ್ತು. ಆದರೆ ಅದನ್ನು ಬರೆಯಲು ಕೈ ಏಳಲಿಲ್ಲ.

ಬೆನ್ನೆಲುಬು ಕೊಟ್ಟವರು ದೊಡ್ಡತ್ತೆ. ಇಂದಿರೆ ಮನೆ ಬಿಟ್ಟು ಓಡುವ ಭಾಗ ಓದುತ್ತಿದ್ದೆ. ಅವರ ಕೈ ನಿಂತಿತು. "ಎಲ್ಲಿಗೆ ಹೋದಳು?" ಎಂದರು. ಅಮೃತರಾಯರ ಮನೆಗೆ ಎಂದೆ. "ಅವರು ಬಾಗಿಲು ತೆಗೆದ್ರಾ?" ತೆಗೆದರು ಎಂದೆ. "ಮತ್ತೆ!" ಎಂದು ಹತ್ತಿ ಹಿಂಜತೊಡಗಿದರು. ಸ್ವಲ್ಪ ಹೊತ್ತಾದ ಮೇಲೆ, "ಓಡೋದೇನು ದೊಡ್ಡ ಕೆಲಸ ಅಲ್ಲ ಮಾರಾಯ್ತಿ. ಕಾಲು ಎಲ್ಲರಿಗೂ ಇರ್ತದೆ. ಬಾಗಿಲು ತೆಗೆಯೋ ಮನೆ ಒಂದು ಬೇಕಲ್ಲ. ನಮ್ಮ ಕಡೆ ಎಲ್ಲಿತ್ತು?" ಎಂದರು.

ಆ ಒಂದು ಮಾತಿನಿಂದ ನನ್ನ ಐದು ಅಂಶಗಳೂ ತಮ್ಮ ತಮ್ಮ ಜಾಗದಲ್ಲಿ ಹೋಗಿ ಕೂತವು. ಎರಡು ಕಾದಂಬರಿಗಳ ವ್ಯತ್ಯಾಸ ಧೈರ್ಯದ್ದಲ್ಲ, ಬಾಗಿಲಿನದು. ಇಂದಿರಾಬಾಯಿಗೆ ಒಂದು ಬಾಗಿಲು ತೆರೆಯಿತು. ಫಣಿಯಮ್ಮನ ಕಾಲಕ್ಕೆ, ಅವಳ ಊರಿನಲ್ಲಿ, ತೆರೆಯುವ ಬಾಗಿಲೇ ಇರಲಿಲ್ಲ. ಹಾಗಾದರೆ ಅವಳು ಏನು ಮಾಡಿದಳು? ಈ ಪ್ರಶ್ನೆ ಇಟ್ಟುಕೊಂಡು ಮತ್ತೆ ಪುಸ್ತಕ ತೆರೆದರೆ ಬೇರೆಯೇ ಫಣಿಯಮ್ಮ ಕಂಡಳು. ಮಡಿಯಲ್ಲೇ ಬಾಳಿದ ಆ ಹೆಂಗಸು, ಮುಟ್ಟಬಾರದು ಎಂದು ಊರು ದೂರವಿಟ್ಟ ಮನೆಗೆ ಹೋಗಿ ಹೆರಿಗೆ ಮಾಡಿಸುತ್ತಾಳೆ. ದಾಕ್ಷಾಯಣಿ ಎಂಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳುವುದಿಲ್ಲ ಎಂದು ಹಟ ಹಿಡಿದಾಗ ಮನೆಯವರೆಲ್ಲ ಒಂದು ಕಡೆ ನಿಂತರೆ, ಬಾಳೆಲ್ಲ ಬೋಳುತಲೆಯಲ್ಲಿ ಕಳೆದ ಫಣಿಯಮ್ಮ ಆ ಹುಡುಗಿಯ ಕಡೆ ನಿಲ್ಲುತ್ತಾಳೆ. ನಾನು ಪಟ್ಟ ಪಾಡನ್ನು ನೀನೂ ಪಡು ಎನ್ನುವುದಿಲ್ಲ. ಹಾಗೆ ಎನ್ನುವವರೇ ಹೆಚ್ಚು, ಅಲ್ಲವೇ? ನಮ್ಮ ಅಡುಗೆಮನೆಗಳಲ್ಲಿ ಎಷ್ಟು ಅತ್ತೆಯರು ಹಾಗೆ ಎಂದಿಲ್ಲ?

ದಾಕ್ಷಾಯಣಿಯನ್ನು ಇಂದಿರಾಬಾಯಿಯ ಪಕ್ಕ ಇಟ್ಟು ನೋಡಿ. ಒಬ್ಬಳು ಮನೆ ಬಿಟ್ಟು ಬೇಡ ಎಂದಳು, ಇನ್ನೊಬ್ಬಳು ಮನೆಯೊಳಗೇ ನಿಂತು ಬೇಡ ಎಂದಳು. ಅಮೃತರಾಯ ಇಂದಿರೆಗೆ ಮಾಡಿದ್ದನ್ನೇ ಫಣಿಯಮ್ಮ ದಾಕ್ಷಾಯಣಿಗೆ ಮಾಡಿದಳು. ವ್ಯತ್ಯಾಸವೆಂದರೆ ಅಮೃತರಾಯನಿಗೆ ಮನೆಯಿತ್ತು, ಹಣವಿತ್ತು, ಹೆಸರಿತ್ತು. ಫಣಿಯಮ್ಮನಿಗೆ ಇದ್ದದ್ದು ಅರುವತ್ತು ಎಪ್ಪತ್ತು ವರ್ಷ ಯಾರಿಂದಲೂ ಏನನ್ನೂ ಕೇಳದೆ ಬದುಕಿದ್ದರಿಂದ ಬಂದ ಒಂದು ಮಾತಿನ ತೂಕ. ಬಾಗಿಲು ಸಿಕ್ಕವಳ ಕಥೆ ಒಂದು, ತನಗೆ ಸಿಗದ ಬಾಗಿಲನ್ನು ಇನ್ನೊಬ್ಬಳಿಗೆ ತೆರೆದವಳ ಕಥೆ ಒಂದು. ಇದೇ ನನ್ನ ಪ್ರಬಂಧದ ವಾದವಾಯಿತು.

ದಾಕ್ಷಾಯಣಿಯ ಭಾಗ ಓದಿದ ದಿನ ದೊಡ್ಡತ್ತೆ ಏನೂ ಹೇಳಲಿಲ್ಲ. ಮರುದಿನ ಅದನ್ನೇ ಇನ್ನೊಮ್ಮೆ ಓದಿಸಿದರು. ಓದಿ ಮುಗಿಸಿ ಕಾಫಿಗೆ ಏಳುತ್ತಿದ್ದೆ. "ನಂದು ಮೊಣಕಾಲು ಮುಟ್ತಿತ್ತು" ಎಂದರು. ಮೊದಲು ನನಗೆ ಅರ್ಥವಾಗಲಿಲ್ಲ. "ಅಮ್ಮ ಎರಡು ಜಡೆ ಹಾಕ್ತಿದ್ಲು. ಒಂದೇ ಜಡೆ ಹಾಕಿದ್ರೆ ಭಾರಕ್ಕೆ ತಲೆ ನೋಯ್ತಿತ್ತು." ಬತ್ತಿಯಿಂದ ಕಣ್ಣು ಮೇಲೆತ್ತಲಿಲ್ಲ. ನಾನು ನಿಂತಲ್ಲೇ ನಿಂತೆ. ಒಲೆಯ ಮೇಲೆ ಹಾಲು ಉಕ್ಕಿ ಹೋಯಿತು. ಇಪ್ಪತ್ತೆಂಟು ವರ್ಷದಲ್ಲಿ ಅವರು ಅದರ ಬಗ್ಗೆ ಆಡಿದ್ದು ಅಷ್ಟೇ. ಆಮೇಲೂ ಆಡಲಿಲ್ಲ.

ಇದನ್ನು ಪ್ರಬಂಧದಲ್ಲಿ ಬರೆಯಲಿಲ್ಲ. ಪರೀಕ್ಷೆಯ ಬರವಣಿಗೆಗೆ ಅದರದೇ ಮಡಿ ಮೈಲಿಗೆ ಇದೆ, 'ನಾನು' ಎಂದು ಬರೆದರೂ ಕೆಲವರಿಗೆ ಸೇರುವುದಿಲ್ಲ. ಆದರೆ ಕೂದಲಿನ ಪ್ರಸಂಗಕ್ಕೆ ಒಂದೂವರೆ ಪುಟವಿದ್ದದ್ದು ಮೂರು ಪುಟವಾಯಿತು.

ಆ ವರ್ಷ ನವರಾತ್ರಿಗೆ ಅಕ್ಕ ಬಂದಿದ್ದಳು. ರಾತ್ರಿ ಊಟವಾದ ಮೇಲೆ ಕರಡನ್ನು ಅವಳ ಕೈಗೆ ಕೊಟ್ಟೆ. ಅವಳು ಎಷ್ಟೋ ಸಾವಿರ ಉತ್ತರಪತ್ರಿಕೆ ನೋಡಿದವಳು. ಕೆಂಪು ಪೆನ್ನು ಕೇಳುತ್ತಾಳೆಂದುಕೊಂಡಿದ್ದರೆ ಸುಮ್ಮನೆ ಕೂತಳು. ಆಮೇಲೆ, "ಬಾಗಿಲು ತೆಗೆದರು ಅಂತ ಬರೆದಿದ್ದೀಯ. ಒಳಗೆ ಹೋದ ಮೇಲೆ ಏನಾಯ್ತು ಅಂತ ಕೇಳಿದ್ದೀಯಾ?" ಎಂದಳು. ಮೈಸೂರಿನ ಚಿಕ್ಕಪ್ಪನ ಮನೆಯಲ್ಲಿ ಅವಳು ಐದು ವರ್ಷ ಇದ್ದಳು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಎಂಟು ಜನರ ತಿಂಡಿಗೆ ರುಬ್ಬಿ, ಬಟ್ಟೆ ಒಗೆದು, ಆಮೇಲೆ ಕಾಲೇಜು. ರಜೆಯಲ್ಲಿ ಊರಿಗೆ ಬಂದಾಗ ಇದನ್ನು ಯಾರಿಗೂ ಹೇಳುತ್ತಿರಲಿಲ್ಲ. ಹೇಳಿದರೆ ಅಪ್ಪ ವಾಪಸು ಕರೆಸಿಕೊಳ್ಳುತ್ತಾರೆಂಬ ಭಯ. "ಬಾಗಿಲು ತೆಗೆದವರ ಮನೆಯಲ್ಲಿ ಕಸ ಗುಡಿಸಬೇಕು ಕಣೆ. ಚಿಕ್ಕಮ್ಮ ಕೆಟ್ಟವಳಲ್ಲ. ಆದರೂ ಗುಡಿಸಬೇಕು. ನೀನು ನಿನ್ನ ಮನೇಲಿ ನಿನ್ನಿಷ್ಟ ಬಂದಾಗ ಕಾಫಿ ಕುಡೀತೀಯ ಅಂತ ನಂಗೆ ಆಗ ಎಷ್ಟು ಹೊಟ್ಟೆಕಿಚ್ಚಿತ್ತು ಗೊತ್ತಾ?"

ನನ್ನ ಮೇಲೆ ಅಕ್ಕನಿಗೆ ಹೊಟ್ಟೆಕಿಚ್ಚು! ಇಬ್ಬರೂ ನಕ್ಕೆವು. ನಗುತ್ತಲೇ ಇಬ್ಬರ ಕಣ್ಣಲ್ಲೂ ನೀರು ಬಂತು. ಅವಳು ಓದಿದ್ದು ಜಾಣತನದಿಂದ ಮಾತ್ರವಲ್ಲ, ಅವಳಿಗೆ ಒಂದು ಮನೆ ಸಿಕ್ಕಿತ್ತು. ಆ ಮನೆಗೆ ಅವಳು ಬಾಡಿಗೆಯನ್ನೂ ಕೊಟ್ಟಿದ್ದಳು. ನಾನು ಓದದೆ ಉಳಿದದ್ದು ದಡ್ಡತನದಿಂದಲ್ಲ, ಚಿಕ್ಕಪ್ಪನ ಮನೆಯಲ್ಲಿ ಇನ್ನೊಬ್ಬಳಿಗೆ ಜಾಗವಿರಲಿಲ್ಲ. ನೆಂಟರಿಷ್ಟರ ತಕ್ಕಡಿಯಲ್ಲಿ ಇವೆರಡಕ್ಕೂ ಕಲ್ಲಿರಲಿಲ್ಲ.

ಅಕ್ಕನ ಪ್ರಶ್ನೆಯಿಂದ ನನ್ನ ಪ್ರಬಂಧಕ್ಕೆ ಕೊನೆಯ ಪುಟ ಸಿಕ್ಕಿತು. ಸುಧಾರಣೆಯ ಉತ್ಸಾಹದಲ್ಲಿ ಬರೆದ ಕಾದಂಬರಿಗೆ ಮದುವೆಯೇ ಗುರಿ. ಅಲ್ಲಿಗೆ ತಲುಪಿದರೆ ಗೆದ್ದ ಹಾಗೆ. ಆಶ್ರಯ ಪಡೆದವಳ ಋಣದ ಭಾರ, ದಿನನಿತ್ಯದ ಸಣ್ಣ ಲೆಕ್ಕಗಳು ಅದರ ಕಣ್ಣಿಗೆ ದೊಡ್ಡವಲ್ಲ. ಆದರೆ ಫಣಿಯಮ್ಮನ ಕಥೆಯ ಜೀವ ಇರುವುದೇ ಆ ಸಣ್ಣ ಲೆಕ್ಕಗಳಲ್ಲಿ. ಮೊದಲನೆಯದು ಇಲ್ಲದಿದ್ದರೆ ಬಾಗಿಲು ತೆರೆಯಬಹುದು ಎಂಬ ಕನಸೇ ಕನ್ನಡಕ್ಕೆ ಅಷ್ಟು ಬೇಗ ಬರುತ್ತಿರಲಿಲ್ಲ. ಎರಡನೆಯದು ಇಲ್ಲದಿದ್ದರೆ ಮುಚ್ಚಿದ ಬಾಗಿಲಿನ ಒಳಗೆ ಯಾರು ಹೇಗೆ ಬದುಕಿದರು ಎಂದು ನಮಗೆ ತಿಳಿಯುತ್ತಿರಲಿಲ್ಲ. ಇಷ್ಟು ಬರೆದು, ಯಾವುದು ಹೆಚ್ಚು ಎಂದು ಹೇಳದೆ, ಮುಗಿಸಿ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ.

ಎರಡು ತಿಂಗಳ ಮೇಲೆ ಪ್ರಬಂಧ ತಿರುಗಿ ಬಂತು. 20ಕ್ಕೆ 12. ಕೊನೆಯ ಪುಟದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಾಲು: ಎರಡು ಕೃತಿಗಳಲ್ಲಿ ಯಾವುದು ಶ್ರೇಷ್ಠ ಎಂಬ ನಿರ್ಣಯವಿಲ್ಲ. ಮೌಲ್ಯಮಾಪನ ಮಾಡಿದವರು ನಮಗೆ ಪಾಠ ಹೇಳಿದ ಮೇಡಂ ಅಲ್ಲ, ಬೇರೆ ಯಾರೋ. ಅವರಿಗೆ ತಕ್ಕಡಿಯೇ ಬೇಕಾಗಿತ್ತು. ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು. ಎರಡನೆಯ ದರ್ಜೆ, ಮೊದಲನೆಯ ದರ್ಜೆಯ ನಡುವೆ ಒಂದೊಂದು ಅಂಕಕ್ಕೂ ಬೆಲೆಯಿತ್ತು. ದೊಡ್ಡತ್ತೆಗೆ ಹೇಳಿದೆ. "ಮಿಕ್ಕ ಎಂಟು ಅವರೇ ಇಟ್ಕೊಳ್ಳಲಿ ಬಿಡು" ಎಂದರು. ಆಮೇಲೆ ಏನೋ ನೆನಪಾದವರಂತೆ, "ಮುಂದಿನ ವರ್ಷವೂ ಹತ್ತು ದಿನ ಹೋಗಬೇಕಲ್ಲ? ಸಾಂಬಾರ ಪುಡಿ ಈಗಲೇ ಮಾಡಿಡು" ಎಂದರು.

ನನಗೆ ಬಾಗಿಲು ತೆಗೆದವರು ಯಾರು ಎಂದು ನಾನು ಯಾವ ಪ್ರಬಂಧದಲ್ಲೂ ಬರೆದಿಲ್ಲ. ಅವರು ಕೆಂಪು ಸೀರೆಯಲ್ಲಿ ಒಲೆಯ ಮುಂದೆ ಕೂತಿದ್ದರು. 2003ರಲ್ಲಿ ತೀರಿಕೊಂಡರು.

ಈಗ ನಮ್ಮ ಬೀದಿಯ ಹುಡುಗಿಯರು ಕಾಲೇಜಿನಲ್ಲಿ ಕೊಟ್ಟ ಇಂಥ ಕೆಲಸಗಳನ್ನು ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ. ಮೊಬೈಲಿನಲ್ಲಿ ಕೇಳಿದರೆ ಒಂದು ನಿಮಿಷದಲ್ಲಿ ಸಾಮ್ಯ ಹತ್ತು, ವೈಷಮ್ಯ ಹತ್ತು ಎಂದು ಪಟ್ಟಿ ಬರುತ್ತದಂತೆ. ಬರಲಿ. ಪಟ್ಟಿ ನಾವೂ ಮಾಡುತ್ತಿದ್ದೆವು. ನಾನು ಅವರಿಗೆ ಹೇಳುವುದು ಇಷ್ಟು: ಎರಡು ಪುಸ್ತಕಕ್ಕೂ ಸಮಾನವಾದದ್ದು ಯಾವುದೆಂದು ಮೊದಲು ಒಂದು ವಾಕ್ಯದಲ್ಲಿ ಬರೆಯಿರಿ. ಇಸವಿಗಳನ್ನು ಒಂದರ ಕೆಳಗೆ ಒಂದು ಬರೆಯಿರಿ. ಐದಕ್ಕಿಂತ ಹೆಚ್ಚು ಅಂಶ ಬೇಡ. ಒಂದೊಂದು ಅಂಶದ ಕೊನೆಗೂ 'ಯಾಕೆ' ಎಂದು ಕೇಳಿ. ಯಾವುದು ಮೇಲು ಎಂದು ಕೇಳಿದರೆ ಕಾರಣ ಕೊಟ್ಟು ಹೇಳಿ, ಕೇಳದಿದ್ದರೆ ಸುಮ್ಮನಿರಿ. ಎಲ್ಲಕ್ಕ ಮುಂಚೆ, ಎರಡನ್ನೂ ಮನೆಯಲ್ಲಿ ಯಾರಾದರೂ ಹಿರಿಯರಿಗೆ ಜೋರಾಗಿ ಓದಿ ಹೇಳಿ.

ಮೊನ್ನೆ ಒಬ್ಬಳು, "ನಮ್ಮಜ್ಜಿಗೆ ಓದೋಕೆ ಬರಲ್ಲ ಆಂಟಿ. ಅವರಿಗೆ ಇದೆಲ್ಲ ಏನು ಗೊತ್ತಾಗತ್ತೆ?" ಎಂದಳು.

"ಕಿವಿ ಕೇಳತ್ತಲ್ಲ? ಓದಿ ನೋಡು" ಎಂದೆ.